ಮೂರು ಮನೆಯ ಹಾಳೆ

ಮಾನ್ಯ ಮಂಡಳಿಗೆ,
ಫೆಬ್ರವರಿಯ ವರದಿ, ವಯಸ್ಕರ ವಿಭಾಗದಿಂದ.
ನೀವು ಕೇಳಿದ್ದು ಇಷ್ಟೇ:
ಎಷ್ಟು ತಲೆ, ಎಷ್ಟು ಪ್ರಶ್ನೆ, ಒಂದಕ್ಕೆ ಎಷ್ಟು ನಿಮಿಷ.

ಮೇಜಿನ ಮೇಲಿದೆ ನೀವೇ ಕಳಿಸಿದ ಹಾಳೆ,
ಅದರಲ್ಲಿ ಮೂರು ಮನೆ.
ದಾರಿ ಕೇಳಿದವರಿಗೆ ಮೊದಲನೆಯದು,
ಯಂತ್ರ ಕೆಟ್ಟಿತೆಂದವರಿಗೆ ಎರಡನೆಯದು,
ತಿಳಿಯಬೇಕೆಂದು ಬಂದವರಿಗೆ ಮೂರನೆಯದು.
ತಲೆಗೊಂದು ಗೀಟು.
ನಾಲ್ಕು ನಿಂತವು, ಐದನೆಯದು ಅಡ್ಡ,
ಬೇಲಿ ಬಿಗಿದ ಹಾಗೆ.

ಶೌಚಾಲಯ ಎಲ್ಲಿ: ನೂರಾ ನಲವತ್ತು ಗೀಟು.
ಮೂವತ್ತು ವರ್ಷದಿಂದ ಅದು ಅಲ್ಲೇ ಇದೆ,
ನಕಾಶೆಗಳ ಕಪಾಟಿನ ಹಿಂದೆ.

ಪ್ರಿಂಟರಿನ ಆದಾಯ ಸೊನ್ನೆ.
ಪುಟಕ್ಕೆ ಹತ್ತು ಸೆಂಟು ಎಂಬ ಬೋರ್ಡನ್ನು
ಗಣಿ ಮುಚ್ಚಿದ ವಾರ ನಾನೇ ತೆಗೆದಿಟ್ಟೆ.
ಯಾವುದೋ ಡ್ರಾಯರಿನಲ್ಲಿದೆ. ಹುಡುಕಿದರೆ ಸಿಗುತ್ತದೆ.
ಹುಡುಕಿಲ್ಲ.
ಅರ್ಜಿ ತುಂಬಲು ಬಂದವನು ರೂಬೆನ್ ಓಯಲಾ,
ಇಪ್ಪತ್ತೆಂಟು ವರ್ಷ ಡ್ರಿಲ್ ಹಿಡಿದ ಬೆರಳು;
ಒಂದು ಅಕ್ಷರ ಒತ್ತಿದರೆ ಆರು ಬೀಳುತ್ತವೆ.
ನಿಮ್ಮ ಕೌಶಲಗಳೇನು ಎಂದು ಪರದೆ ಕೇಳಿತು.
ಅವನು ನನ್ನನ್ನು ನೋಡಿದ.
"ಕತ್ತಲಲ್ಲಿ ಕೆಲಸ ಗೊತ್ತು, ಹಾಗಂತ ಹಾಕಬಹುದಾ?"
ಹಾಕಿದೆ. ಅಳಿಸಿದೆ. ಮತ್ತೆ ಹಾಕಿದೆ.
ಯಂತ್ರದ ಮನೆಗೆ ಒಂದು ಗೀಟು.

ಹದಿನಾಲ್ಕನೇ ತಾರೀಕು ಕಾರ್ಯಕ್ರಮ:
ಉಯಿಲು ಬರೆಯುವುದು ಹೇಗೆ.
ಅವತ್ತೇ ಸುಪೀರಿಯರ್ ಸರೋವರ
ಊರ ಮೇಲೆ ಮೊಣಕಾಲುದ್ದ ಹಿಮ ಎಸೆಯಿತು.
ವಕೀಲರು ಬರಲಿಲ್ಲ.
ಬಂದದ್ದು ಡೆಲ್ಫೀನ್ ಕ್ಯಾಡಟ್ ಒಬ್ಬಳೇ,
ಅದೂ ಮನೆಯ ಹೀಟರ್ ಕೈಕೊಟ್ಟಿತೆಂದು.
ಮೂವತ್ತು ಜನರ ಬಿಸ್ಕತ್ತನ್ನು ಇಬ್ಬರೇ ತಿಂದೆವು.
ಬಿಟ್ಟುಹೋಗಲು ನಿನ್ನ ಹತ್ತಿರ ಏನಿದೆ, ಕೇಳಿದೆ.
"ಒಂದು ದೋಣಿ, ತೂತಿದೆ.
ಒಬ್ಬ ತಮ್ಮ, ಅವನೂ ಹಾಗೇ."
ಹಾಜರಾತಿ: ಒಂದು. ತೃಪ್ತಿ: ಪೂರ್ತಿ.

ಪತ್ರಿಕೆ ಓದುವ ಮೂಲೆಯಲ್ಲಿ ನಿದ್ದೆ ಮಾಡುವವರನ್ನು
ಓದುವವರೆಂದೇ ಎಣಿಸಿದ್ದೇನೆ.
ಕೌಂಟರಿನ ಕನ್ನಡಕ, ಎರಡೂವರೆ ಪವರಿನದು, ಕಳುವಾಗಿದೆ.
ಕದ್ದವರು ಓದುತ್ತಿರಬೇಕು; ದೂರು ಕೊಟ್ಟಿಲ್ಲ.

ಇನ್ನು ಆರ್ವೋ ಕಂಗಾಸ್.
ಇಲ್ಮಾ ತೀರಿಕೊಂಡದ್ದು ನಿಮಗೆ ಗೊತ್ತು,
ನೀವೂ ಹೋಗಿ ಕಾಫಿ ಕುಡಿದು ಬಂದಿರಿ.
ಅವಳ ಹೆಸರಲ್ಲಿ ಒಂದು ಪುಸ್ತಕ ಬಾಕಿ ಇತ್ತು,
ದಪ್ಪಕ್ಷರದ್ದು, ಹಡಗಿನ ಅಡುಗೆಯವನ ಕೊಲೆಯ ಕತೆ.
ತೀರಿದವರ ಕಾರ್ಡು ಮೂವತ್ತು ದಿನಕ್ಕೆ ರದ್ದು,
ನಿಯಮ ನಿಮ್ಮದೇ.
ಪುಸ್ತಕ ತಂದ, ಬ್ರೆಡ್ಡಿನ ಚೀಲದಲ್ಲಿ ಸುತ್ತಿ.
ನಡುವೆ ಔಷಧದಂಗಡಿಯ ರಸೀದಿ,
ಇನ್ನೂರಾ ಹನ್ನೆರಡನೇ ಪುಟದಲ್ಲಿ.
ನನ್ನ ಕೈಗೆ ಕೊಡಲಿಲ್ಲ, ಕೆಳಗೆ ಇಡಲೂ ಇಲ್ಲ.
"ಇಲ್ಲಿಂದಾಚೆ ಏನಾಗುತ್ತೆ?"

ಹತ್ತೊಂಬತ್ತು ವರ್ಷ ಈ ಕುರ್ಚಿಯಲ್ಲಿ.
ಓದಿಲ್ಲ, ಎಂದೆ.
ಓದಿ ಹೇಳಿ ಎನ್ನಲಿಲ್ಲ ಅವನು.
ಓದುತ್ತೇನೆ ಎನ್ನಲಿಲ್ಲ ನಾನು.
ಅವನ ಬೂಟಿನ ಹಿಮ ಕರಗಿ
ಕಾರ್ಪೆಟ್ಟಿನ ಮೇಲೆ ನಿಧಾನ ಹರಡುತ್ತಿತ್ತು.
ಇಲ್ಮಾಳ ಹೆಸರಲ್ಲೇ ಅವಧಿ ಮುಂದೂಡಿದೆ.
ಕಂಪ್ಯೂಟರು ಆಗುವುದಿಲ್ಲ ಎಂದಿತು.
ನನ್ನ ಪಾಸ್‌ವರ್ಡ್ ಹಾಕಿದೆ. ಆಯಿತು ಎಂದಿತು.
ಪುಸ್ತಕ ಮತ್ತೆ ಚೀಲದೊಳಕ್ಕೆ ಹೋಯಿತು.

ಇದು ಯಾವ ಮನೆ?
ಪೆನ್ಸಿಲು ಮೂರರ ಮುಂದೆಯೂ ನಿಂತು ಬಂತು,
ಯಾರೂ ಬಾಗಿಲು ತೆಗೆಯಲಿಲ್ಲ.
ಹಾಳೆಯ ಅಂಚಿಗೆ, ಬಯಲಲ್ಲಿ, ಒಂದು ಗೀಟು ಎಳೆದಿದ್ದೇನೆ.
ನೀವು ಕೂಡಿದಾಗ ಲೆಕ್ಕದಲ್ಲಿ ಒಂದು ಹೆಚ್ಚು ಬರುತ್ತದೆ.
ತಿದ್ದಬೇಡಿ.
ನಿಮಿಷ ಎಷ್ಟೆಂಬ ಜಾಗ ಖಾಲಿ ಬಿಟ್ಟಿದ್ದೇನೆ,
ಪ್ರಶ್ನೆ ಇನ್ನೂ ನಡೆಯುತ್ತಿದೆ.

ಮರೆತೆ: ಮೆಟ್ಟಿಲಿಗೆ ಹಾಕುವ ಉಪ್ಪು ಮುಗಿದಿದೆ.
ಎರಡು ಚೀಲ ಕಳಿಸಿ.
ಮಾರ್ಚೂ ಹೀಗೇ ಅಂತೆ.